ಬೀದಿಯ ಸಾಕ್ಷಿ: ಡ್ರೈಸರನ ‘ಆನ್ ಅಮೆರಿಕನ್ ಟ್ರ್ಯಾಜಿಡಿ’ಯಲ್ಲಿ ಸಂಚಾರಿ ಸುವಾರ್ತಿಕರ ಸಂಸಾರ

ಥಿಯೊಡೋರ್ ಡ್ರೈಸರನ ‘ಆನ್ ಅಮೆರಿಕನ್ ಟ್ರ್ಯಾಜಿಡಿ’ ಕಾದಂಬರಿಯು 1925ರ ಡಿಸೆಂಬರಿನಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾಯಿತು. ಇದನ್ನು ಓದುವ ವಿದ್ಯಾರ್ಥಿಯು ಸಾಮಾನ್ಯವಾಗಿ ಮೊದಲನೆಯ ಭಾಗವನ್ನು ಒಂದು ಪೀಠಿಕೆಯೆಂದು ಭಾವಿಸಿ ತ್ವರೆಯಿಂದ ದಾಟಿ, ಸರೋವರದಲ್ಲಿ ದೋಣಿ ಮಗುಚುವ ಪ್ರಕರಣಕ್ಕೂ ಅನಂತರದ ನ್ಯಾಯವಿಚಾರಣೆಗೂ ಬಂದು ನಿಲ್ಲುತ್ತಾನೆ. ಅಧ್ಯಾಪಕರೂ ಧನದಾಹ, ವರ್ಗಭೇದ, ಯಶಸ್ಸಿನ ಮರುಮರೀಚಿಕೆ ಮುಂತಾದ ಮಾತುಗಳಿಂದ ಕೃತಿಯನ್ನು ವಿವರಿಸಿ ತೃಪ್ತರಾಗುವುದುಂಟು. ಅವು ಸುಳ್ಳಲ್ಲ. ಆದರೆ ಕಾದಂಬರಿಯು ಆರಂಭವಾಗುವುದು ಒಂದು ನಗರದ ಬೀದಿಯಲ್ಲಿ, ಸಂಜೆಯ ಹೊತ್ತು, ಆರ್ಗನ್ನಿನ ಪೆಟ್ಟಿಗೆ ಹೊತ್ತು ಬರುವ ಸುವಾರ್ತಿಕರ ಸಂಸಾರವೊಂದರಿಂದ. ಮುಗಿಯುವುದೂ ಮತ್ತೊಂದು ನಗರದ ಬೀದಿಯಲ್ಲಿ, ಅದೇ ಸಂಸಾರದಿಂದ. ಎಂಟುನೂರು ಪುಟಗಳಿಗೂ ಮೀರಿದ ಗ್ರಂಥವೊಂದು ತನ್ನ ಎರಡು ಕೊನೆಗಳನ್ನೂ ಒಂದೇ ಗೂಟಕ್ಕೆ ಕಟ್ಟಿರುವಾಗ, ಆ ಗೂಟವನ್ನು ಪರೀಕ್ಷಿಸದೆ ಬಿಡುವುದು ವಿಮರ್ಶೆಗೆ ತಕ್ಕುದಲ್ಲ.

ಕಥಾಸಾರವನ್ನು ಮೊದಲು ಹೇಳಿಬಿಡುವುದು ಅನುಕೂಲ. ಏಸಾ ಗ್ರಿಫಿತ್ಸ್ ಮತ್ತು ಅವನ ಹೆಂಡತಿ ಎಲ್ವೈರಾ ಬೀದಿಯಲ್ಲಿ ಸುವಾರ್ತೆ ಸಾರುವವರು. ಎಸ್ಟಾ, ಕ್ಲೈಡ್, ಜೂಲಿಯಾ, ಫ್ರ್ಯಾಂಕ್ ಎಂಬ ನಾಲ್ವರು ಮಕ್ಕಳು. ಈ ಬಾಳಿನಿಂದ ನಾಚಿದ ಕ್ಲೈಡನು ಕ್ಯಾನ್ಸಾಸ್ ಸಿಟಿಯ ದೊಡ್ಡ ಹೋಟೆಲೊಂದರಲ್ಲಿ ಅತಿಥಿಗಳ ಪೆಟ್ಟಿಗೆ ಹೊರುವ ಹುಡುಗನಾಗಿ ಸೇರುತ್ತಾನೆ. ಗೆಳೆಯರ ಮೋಟಾರು ವಿಹಾರವೊಂದರಲ್ಲಿ ಮಗುವೊಂದು ಚಕ್ರಕ್ಕೆ ಸಿಕ್ಕಿ ಸತ್ತಾಗ ಊರುಬಿಟ್ಟು ಓಡಿಹೋಗುತ್ತಾನೆ. ಮುಂದೆ ನ್ಯೂಯಾರ್ಕ್ ಸಂಸ್ಥಾನದ ಲೈಕರ್ಗಸ್ ಎಂಬ ಕಲ್ಪಿತ ಪಟ್ಟಣದಲ್ಲಿ, ಕಾಲರು ತಯಾರಿಸುವ ಕಾರ್ಖಾನೆಯ ಒಡೆಯನಾದ ದೊಡ್ಡಪ್ಪನ ಆಶ್ರಯ ದೊರೆಯುತ್ತದೆ. ಅಲ್ಲಿಯ ಕೆಲಸಗಾರ್ತಿ ರಾಬರ್ಟಾ ಅವನಿಂದ ಗರ್ಭಿಣಿಯಾಗುತ್ತಾಳೆ. ಅವನ ಮನಸ್ಸಾದರೋ ಸಿರಿವಂತರ ಮಗಳಾದ ಸಾಂಡ್ರಾಳ ಮೇಲೆ. ರಾಬರ್ಟಾಳನ್ನು ಸರೋವರಕ್ಕೆ ಕರೆದೊಯ್ದು ಮುಳುಗಿಸಬೇಕೆಂದು ಸಂಕಲ್ಪಿಸುತ್ತಾನೆ; ಆ ಗಳಿಗೆಯಲ್ಲಿ ಧೈರ್ಯಗೆಡುತ್ತಾನೆ; ಆದರೂ ದೋಣಿ ಮಗುಚುತ್ತದೆ, ಆಕೆ ಮುಳುಗುವುದನ್ನು ನೋಡುತ್ತಲೇ ಅವನು ಈಜಿ ದಡ ಸೇರುತ್ತಾನೆ. ವಿಚಾರಣೆ, ಶಿಕ್ಷೆ, ವಿದ್ಯುತ್ಪೀಠದ ಮರಣ.

ಮೊದಲ ಅಧ್ಯಾಯದ ಚಿತ್ರವನ್ನು ನಿಧಾನವಾಗಿ ನೋಡೋಣ. ಎತ್ತರವಾದ ವ್ಯಾಪಾರದ ಕಟ್ಟಡಗಳ ನಡುವೆ ಆರು ಜನರ ಒಂದು ಪುಟ್ಟ ಗುಂಪು ಬರುತ್ತದೆ. ಮುಂದೆ ಕುಳ್ಳಗೆ ದಪ್ಪಗಿರುವ ತಂದೆ, ಕೈಯಲ್ಲಿ ಆರ್ಗನ್. ಪಕ್ಕದಲ್ಲಿ ಅವನಿಗಿಂತ ಎತ್ತರವಾದ, ಗಟ್ಟಿ ಮೈಕಟ್ಟಿನ ತಾಯಿ. ಒಂದು ಕೈಯಲ್ಲಿ ಏಳು ವರ್ಷದ ಮಗ, ಇನ್ನೊಂದರಲ್ಲಿ ಸತ್ಯವೇದವೂ ಕೀರ್ತನೆಗಳ ಪುಸ್ತಕಗಳೂ. ಹಿಂದೆ ಹದಿನೈದು ವರ್ಷದ ಎಸ್ಟಾ, ಹನ್ನೆರಡರ ಕ್ಲೈಡ್, ಒಂಬತ್ತರ ಜೂಲಿಯಾ. ಮೂಲೆಯೊಂದರಲ್ಲಿ ನಿಂತು ಆರ್ಗನ್ ಬಿಚ್ಚುತ್ತಾರೆ. ಎಸ್ಟಾ ನುಡಿಸುತ್ತಾಳೆ, ಎಲ್ಲರೂ ಹಾಡುತ್ತಾರೆ. ಮನೆಗೆ ಹೋಗುವ ಆತುರದಲ್ಲಿರುವ ದಾರಿಹೋಕರು ಸ್ವಲ್ಪ ನಿಂತು ನೋಡುತ್ತಾರೆ. ಅವರಲ್ಲಿ ಕೆಲವರಿಗೆ ಕನಿಕರ, ಕೆಲವರಿಗೆ ಪರಿಹಾಸ್ಯ. ಇಷ್ಟು ಚಿಕ್ಕ ಹುಡುಗನನ್ನು ಇಲ್ಲಿಗೆ ಎಳೆತರುವುದು ಸರಿಯಲ್ಲವೆಂದು ಆಡಿಕೊಳ್ಳುವವರೂ ಇದ್ದಾರೆ. ಕೃತಿಕಾರನ ಕಣ್ಣು ಈ ಗುಂಪಿನ ಒಬ್ಬೊಬ್ಬರ ಮುಖದ ಮೇಲೂ ಹಾಯ್ದು ಕೊನೆಗೆ ಕ್ಲೈಡನ ಮೇಲೆ ನಿಲ್ಲುತ್ತದೆ. ಅವನ ತುಟಿ ಹಾಡುತ್ತಿದೆ, ಮನಸ್ಸು ಅಲ್ಲಿಲ್ಲ.

ಕನ್ನಡದ ಓದುಗನಿಗೆ ಇಲ್ಲಿ ಒಂದು ತೊಡಕು ಉಂಟಾಗಬಹುದು. ತಂಬೂರಿ ಹಿಡಿದು, ಕಾಲಿಗೆ ಗೆಜ್ಜೆ ಕಟ್ಟಿ, ಮನೆಮನೆಯ ಮುಂದೆ ಹಾಡಿ ಹಿಡಿ ಅಕ್ಕಿ ಪಡೆಯುವ ದಾಸರನ್ನು ಬಲ್ಲ ನಮಗೆ, ಬೀದಿಯಲ್ಲಿ ದೇವರ ಹೆಸರು ಹಾಡುವುದರಲ್ಲಿ ನಾಚಿಕೆಯೇನಿದೆ ಎನ್ನಿಸುತ್ತದೆ. ದಾಸರಿಗೆ ನೀಡುವ ಗೃಹಿಣಿಯು ಅದನ್ನು ತನ್ನ ಪುಣ್ಯವೆಂದು ಎಣಿಸುತ್ತಾಳೆ; ಬೇಡುವವನಿಗೂ ನೀಡುವವಳಿಗೂ ಒಂದೇ ಸಂಪ್ರದಾಯದ ಆಶ್ರಯವುಂಟು. ಗ್ರಿಫಿತ್ಸ್ ಸಂಸಾರವು ನಿಂತಿರುವ ಮೂಲೆಯಲ್ಲಿ ಅಂಥ ಒಪ್ಪಂದವಿಲ್ಲ. ಕೇಳುವವರೂ ಕ್ರೈಸ್ತರೇ, ಆದರೆ ಅವರ ಧರ್ಮವು ಭಾನುವಾರದ ದೇವಾಲಯದೊಳಗೆ ಇದೆ, ಬೀದಿಯಲ್ಲಿಲ್ಲ. ಇನ್ನು 1834ರಿಂದ ಮಂಗಳೂರಿನಲ್ಲಿ ನೆಲಸಿ ಊರೂರು ತಿರುಗಿದ ಬಾಸೆಲ್ ಮಿಷನ್ನಿನವರ ಸಂಚಾರವನ್ನು ನೆನೆದು ಇದಕ್ಕೆ ಹೋಲಿಸುವುದೂ ಸಲ್ಲದು. ಅವರ ಬೆನ್ನ ಹಿಂದೆ ಒಂದು ಸಂಘವಿದ್ದಿತು, ಮುದ್ರಣಾಲಯವಿದ್ದಿತು, ಮರಳಿ ಬಂದು ಸೇರಲು ಒಂದು ಠಾಣ್ಯವಿದ್ದಿತು. ಏಸಾ ಗ್ರಿಫಿತ್ಸನ ಬೆನ್ನ ಹಿಂದೆ ಇರುವುದು ಅವನ ಮಕ್ಕಳು ಮಾತ್ರ.

ಹೀಗೆ ಯಾವ ಸಂಸ್ಥೆಯ ಆಸರೆಯೂ ಇಲ್ಲದಂತೆ ಈ ಸಂಸಾರವನ್ನು ನಿಲ್ಲಿಸಿದುದು ಡ್ರೈಸರನ ಉದ್ದೇಶಪೂರ್ವಕವಾದ ಬದಲಾವಣೆಯೆಂಬುದು ಗಮನಾರ್ಹ. ಕಥೆಗೆ ಆಧಾರ 1906ರ ಜುಲೈಯಲ್ಲಿ ನ್ಯೂಯಾರ್ಕ್ ಸಂಸ್ಥಾನದ ಬಿಗ್ ಮೂಸ್ ಸರೋವರದಲ್ಲಿ ಗ್ರೇಸ್ ಬ್ರೌನ್ ಎಂಬ ಯುವತಿಯ ಕೊಲೆ. ಅಪರಾಧಿಯೆಂದು ತೀರ್ಮಾನವಾದ ಚೆಸ್ಟರ್ ಜಿಲೆಟ್ ಎಂಬಾತನಿಗೆ 1908ರ ಮಾರ್ಚ್ 30ರಂದು ಆಬರ್ನ್ ಸೆರೆಮನೆಯಲ್ಲಿ ಮರಣದಂಡನೆಯಾಯಿತು. ಜಿಲೆಟನ ತಂದೆತಾಯಿಗಳು ಸಾಲ್ವೇಷನ್ ಆರ್ಮಿಗೆ ಸೇರಿ ಪಶ್ಚಿಮದ ಊರುಗಳಲ್ಲಿ ದುಡಿದವರು. ಆ ಸಂಸ್ಥೆಯಲ್ಲಿ ಸಮವಸ್ತ್ರವುಂಟು, ಪದವಿಗಳ ಶ್ರೇಣಿಯುಂಟು, ಅಪ್ಪಣೆ ಕೊಡುವ ಮೇಲಿನವರುಂಟು. ಸಮವಸ್ತ್ರ ತೊಟ್ಟು ಬೀದಿಯಲ್ಲಿ ನಿಂತವನನ್ನು ನಕ್ಕರೆ, ನಗು ಆ ಬಟ್ಟೆಗೆ ತಾಗುತ್ತದೆ. ಸ್ವಂತ ಹಳೆಯ ಕೋಟಿನಲ್ಲಿ ನಿಂತವನನ್ನು ನಕ್ಕರೆ ಅದು ಮೈಗೇ ತಾಗುತ್ತದೆ. ಡ್ರೈಸರನು ಆ ಬಟ್ಟೆಯನ್ನು ತೆಗೆದುಹಾಕಿದನು. ಕಾದಂಬರಿಯ ಸಂಸಾರದ ಪ್ರಾರ್ಥನಾಮಂದಿರ ಯಾವ ಸಭೆಗೂ ಸೇರದ ಸ್ವತಂತ್ರ ಮಂದಿರ.

ಅಮೆರಿಕದ ಸಂಚಾರಿ ಬೋಧಕರ ಇತಿಹಾಸದ ಹಿನ್ನೆಲೆಯಲ್ಲಿಯೂ ಇದನ್ನು ನೋಡಬೇಕು. 1771ರಲ್ಲಿ ಅಲ್ಲಿಗೆ ಬಂದ ಮೆಥಡಿಸ್ಟ್ ನಾಯಕ ಫ್ರಾನ್ಸಿಸ್ ಆಸ್ಬರಿಯು ಜೀವನವೆಲ್ಲ ಕುದುರೆಯ ಮೇಲೆ ಸುತ್ತಿದವನು, ಮದುವೆಯಾಗಲಿಲ್ಲ, ತನ್ನ ಬೋಧಕರೂ ಅವಿವಾಹಿತರಾಗಿದ್ದರೆ ಲೇಸೆಂದು ಭಾವಿಸಿದನು. ದಾರಿಯೂ ಸಂಸಾರವೂ ಒಟ್ಟಿಗೆ ಸಾಗಲಾರವೆಂಬ ಅರಿವು ಆ ಸಂಪ್ರದಾಯದ ಮೂಲದಲ್ಲಿಯೇ ಇದ್ದಿತು. ಕಾಲಾನಂತರ ಅದು ಸಡಿಲಿತು. ಡ್ರೈಸರನು ಈ ಕೃತಿಯನ್ನು ಆರಂಭಿಸಿದುದು 1920ರಲ್ಲಿ, ಲಾಸ್ ಏಂಜಲೀಸಿನಲ್ಲಿ ವಾಸವಾಗಿದ್ದಾಗ. ಅದಕ್ಕೆ ಎರಡೇ ವರ್ಷ ಹಿಂದೆ, 1918ರಲ್ಲಿ, ಏಮಿ ಸೆಂಪಲ್ ಮ್ಯಾಕ್‌ಫರ್ಸನ್ ಎಂಬ ಬೋಧಕಿಯು ತಾಯಿಯನ್ನೂ ಇಬ್ಬರು ಮಕ್ಕಳನ್ನೂ ಮೋಟಾರಿನಲ್ಲಿ ಕೂರಿಸಿಕೊಂಡು ದೇಶದ ಪೂರ್ವದಿಂದ ಪಶ್ಚಿಮಕ್ಕೆ ಬೋಧಿಸುತ್ತ ಅದೇ ನಗರಕ್ಕೆ ಬಂದಿದ್ದಳು. 1923ರ ಜನವರಿ 1ರಂದು ಅಲ್ಲಿ ಅವಳ ಭವ್ಯ ಮಂದಿರ ತೆರೆಯಿತು. ಹಾಗೆ ಗೆದ್ದವರು ಬೆರಳೆಣಿಕೆಯಷ್ಟು. ಕಾದಂಬರಿಯು ಗೆಲ್ಲದವರ ಮೇಲೆ ಕಣ್ಣಿಟ್ಟಿದೆ.

ಆಶ್ಚರ್ಯವೆಂದರೆ, ಊರೂರು ತಿರುಗುವ ಸಂಸಾರದ ಕಥೆಯಲ್ಲಿ ದಾರಿಯ ವರ್ಣನೆಯೇ ಇಲ್ಲ. ಗ್ರ್ಯಾಂಡ್ ರ‍್ಯಾಪಿಡ್ಸ್, ಡೆಟ್ರಾಯಿಟ್, ಮಿಲ್ವಾಕಿ, ಚಿಕಾಗೊ, ಕ್ಯಾನ್ಸಾಸ್ ಸಿಟಿ ಎಂದು ಊರುಗಳ ಹೆಸರುಗಳನ್ನು ಡ್ರೈಸರನು ಉಸಿರಿನಲ್ಲಿ ಹೇಳಿ ಮುಗಿಸುತ್ತಾನೆ. ಮುಂದೆ ಡೆನ್ವರ್, ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೊ ಅದೇ ಪಟ್ಟಿಗೆ ಸೇರುತ್ತವೆ. ರೈಲಿಲ್ಲ, ಬಯಲಿಲ್ಲ, ಸಾಮಾನು ಕಟ್ಟುವ ಗಡಿಬಿಡಿಯಿಲ್ಲ. ಇದನ್ನು ನ್ಯೂನತೆಯೆಂದು ಎಣಿಸಬಹುದಾಗಿತ್ತು. ನನಗೆ ಇದು ಕೃತಿಯ ಸತ್ಯವೆಂದೇ ತೋರುತ್ತದೆ. ಇಂಥವರಿಗೆ ಸಂಚಾರವೆಂದರೆ ಊರು ಬದಲಾಗುವುದು, ಮೂಲೆ ಬದಲಾಗುವುದಲ್ಲ. ಎಲ್ಲಿ ಹೋದರೂ ಅದೇ ಹಳೆಯ ಕಟ್ಟಡದಲ್ಲಿ ಬಾಡಿಗೆಯ ಕೋಣೆಗಳು, ಅದೇ ಬೆಂಚುಗಳು, ಗೋಡೆಗಳ ಮೇಲೆ ಅದೇ ವಾಕ್ಯಗಳು. ಮಕ್ಕಳಿಗೆ ನಷ್ಟವಾದುದು ನಿಶ್ಚಿತ: ಶಾಲೆ ನಡುವೆ ಮುರಿಯುತ್ತದೆ, ಗೆಳೆತನ ಬೇರೂರುವುದಿಲ್ಲ, ಕೈಗೆ ಕಸುಬು ಹತ್ತುವುದಿಲ್ಲ. ದೇವರು ಒದಗಿಸುವನೆಂಬ ಮಾತು ಮನೆಯಲ್ಲಿ ನಿತ್ಯ ಕೇಳಿಬರುತ್ತದೆ. ಒದಗಿದುದು ಎಷ್ಟೆಂಬುದನ್ನು ಹುಡುಗನು ಮೌನವಾಗಿ ಲೆಕ್ಕ ಹಾಕುತ್ತಿರುತ್ತಾನೆ. ಡ್ರೈಸರನು ಇದನ್ನು ಹೊರಗಿನಿಂದ ಕಂಡು ಬರೆದವನಲ್ಲ. 1871ರಲ್ಲಿ ಇಂಡಿಯಾನಾದ ಟೆರಿ ಹೋಟ್‌ನಲ್ಲಿ ಹುಟ್ಟಿದ ಅವನ ಬಾಲ್ಯವೂ ಬಡತನದ ದೆಸೆಯಿಂದ ಊರಿಂದೂರಿಗೆ ಸಾಗಿದುದು. ಅವನ ತಂದೆ ಕಟ್ಟುನಿಟ್ಟಾದ ಕ್ಯಾಥೊಲಿಕ್ ಭಕ್ತ.

ಈಗ ಪ್ರಬಂಧದ ಮುಖ್ಯ ಮಾತಿಗೆ ಬರಬಹುದು. ನಮ್ಮ ಭಾಷೆಯಲ್ಲಿ ‘ಸಾಕ್ಷಿ’ ಎಂಬ ಶಬ್ದವು ಎರಡು ಕಡೆ ಬಳಕೆಯಲ್ಲಿದೆ. ನ್ಯಾಯಸ್ಥಾನದಲ್ಲಿ ಕಂಡುದನ್ನು ಹೇಳುವುದು ಸಾಕ್ಷಿ. ಕ್ರೈಸ್ತ ಸಭೆಯಲ್ಲಿ ದೇವರು ತನ್ನ ಬಾಳಿನಲ್ಲಿ ಮಾಡಿದುದನ್ನು ಎದ್ದು ನಿಂತು ಹೇಳುವುದೂ ಸಾಕ್ಷಿ. ಎರಡಕ್ಕೂ ಕಟ್ಟಳೆ ಒಂದೇ: ಹೇಳುವವನು ತಾನೇ ಕಂಡಿರಬೇಕು, ತಾನೇ ಅನುಭವಿಸಿರಬೇಕು. ಕಾದಂಬರಿಯು ಬೀದಿಯ ಸಾಕ್ಷಿಯಿಂದ ಮೊದಲಾಗಿ ನ್ಯಾಯಾಲಯದ ಸಾಕ್ಷಿಯತ್ತ ಸಾಗುತ್ತದೆ. ಈ ಎರಡರ ನಡುವೆ ಕ್ಲೈಡನಿಗೆ ಒಮ್ಮೆಯೂ ತನ್ನ ಸ್ವಂತ ಮಾತು ದೊರೆಯುವುದಿಲ್ಲ. ಅವನ ದುರಂತದ ಬೀಜವನ್ನು ಹಣದಾಸೆಯಲ್ಲಿ ಹುಡುಕುವುದಕ್ಕಿಂತ ಇಲ್ಲಿ ಹುಡುಕುವುದು ಹೆಚ್ಚು ಫಲಕಾರಿ. ಹನ್ನೆರಡನೆಯ ವಯಸ್ಸಿನಲ್ಲಿ ಅವನು, ತಾನು ಕಾಣದ ಕೃಪೆಗೆ ಸಾಕ್ಷಿಯಾಗಿ ಮೂಲೆಯಲ್ಲಿ ನಿಲ್ಲಿಸಲ್ಪಟ್ಟವನು.

ಸಂಸಾರದ ಒಳಗಿನ ಸ್ಥಿತಿಯೂ ಇದಕ್ಕೆ ಹೊಂದಿಕೊಂಡಿದೆ. ಬೀದಿಯಲ್ಲಿ ಪಾಪಿಗಳಿಗೆಲ್ಲ ಬಾಗಿಲು ತೆರೆದಿದೆಯೆಂದು ಸಾರುವ ಮನೆಯಲ್ಲಿ ಸ್ವಂತ ಮಗಳ ತಪ್ಪಿಗೆ ಮಾತಿಲ್ಲ. ಎಸ್ಟಾ ಒಬ್ಬ ನಟನೊಡನೆ ಓಡಿಹೋಗಿ, ಗರ್ಭಿಣಿಯಾಗಿ, ಕೈಬಿಡಲ್ಪಟ್ಟು ಮರಳುತ್ತಾಳೆ. ತಾಯಿ ಅವಳನ್ನು ಅದೇ ಊರಿನಲ್ಲಿ ಬೇರೊಂದು ಕೋಣೆಯಲ್ಲಿ ಇರಿಸಿ, ಯಾರಿಗೂ ತಿಳಿಸದೆ ಆರೈಕೆ ಮಾಡುತ್ತಾಳೆ. ಖರ್ಚಿಗೆ ನೂರು ಡಾಲರು ಬೇಕಾದಾಗ ಕ್ಲೈಡನನ್ನು ಕೇಳುತ್ತಾಳೆ, ಕಾರಣ ಹೇಳುವುದಿಲ್ಲ. ಅವನು ಹೋಟೆಲಿನಲ್ಲಿ ಬರುವ ಇನಾಮಿನ ಲೆಕ್ಕವನ್ನು ಮೊದಲಿನಿಂದಲೂ ಮನೆಯಲ್ಲಿ ಮರೆಮಾಚಿದವನು; ಈಗ ಜೇಬಿನಲ್ಲಿ ಐವತ್ತು ಡಾಲರು ಇದ್ದರೂ ಇಲ್ಲವೆಂದು ನಟಿಸುತ್ತಾನೆ, ಏಕೆಂದರೆ ಆ ಹಣ ಹಾರ್ಟೆನ್ಸ್ ಎಂಬ ಹುಡುಗಿಯ ತುಪ್ಪುಳದ ಕೋಟಿಗೆ ಮೀಸಲು. ತಾಯಿ ಮರೆಸುತ್ತಿರುವುದು ಮಗಳ ಮಾನವನ್ನು, ಮಗ ಮರೆಸುತ್ತಿರುವುದು ತನ್ನ ಆಸೆಯನ್ನು. ಇಬ್ಬರೂ ಪರಸ್ಪರ ಪ್ರೀತಿಯುಳ್ಳವರೇ. ಈ ಪ್ರಕರಣದಲ್ಲಿ ಡ್ರೈಸರನು ತಾಯಿಯನ್ನು ಕಪಟಿಯೆಂದು ಒಂದು ಮಾತಿನಿಂದಲೂ ಸೂಚಿಸುವುದಿಲ್ಲ. ಆಕೆಯ ಮೌನಕ್ಕೆ ಕಾರಣ ಕರುಣೆ. ಆದರೂ ಮೌನವು ಮೌನವೇ. ಇದರಿಂದ ಹುಡುಗನು ಕಲಿತ ಪಾಠವನ್ನು ಲೈಕರ್ಗಸ್ಸಿನಲ್ಲಿ ರಾಬರ್ಟಾ ತನ್ನ ಸಂಕಟ ಹೇಳಿಕೊಂಡಾಗ ನಾವು ಕಾಣುತ್ತೇವೆ. ಅಕ್ಕನಿಗೆ ಒದಗಿದ ಗತಿಯನ್ನೇ ಅವನು ಇನ್ನೊಬ್ಬಳಿಗೆ ಒದಗಿಸುತ್ತಾನೆ; ಮುಚ್ಚಿಡುವುದೊಂದನ್ನೇ ಉಪಾಯವೆಂದು ಬಲ್ಲವನಾಗಿರುತ್ತಾನೆ.

ಇಲ್ಲಿ ಒಂದು ಸಣ್ಣ ವಿವರವನ್ನು ಎತ್ತಿ ತೋರಿಸಬೇಕು. ಮಂದಿರದ ಕಿಟಕಿಯ ಮೇಲೆ ದೇವರ ಪ್ರೀತಿಯನ್ನು ಸಾರುವ ವಾಕ್ಯದ ಕೆಳಗೆ, ಸಣ್ಣ ಅಕ್ಷರಗಳಲ್ಲಿ, ತಾಯಿಗೆ ಕಾಗದ ಬರೆದು ಎಷ್ಟು ಕಾಲವಾಯಿತೆಂದು ದಾರಿಹೋಕನನ್ನು ವಿಚಾರಿಸುವ ಪ್ರಶ್ನೆಯೊಂದಿದೆ. ಓದುಗನು ಮುಗುಳ್ನಕ್ಕು ಮುಂದೆ ಹೋಗುತ್ತಾನೆ. ಕ್ಯಾನ್ಸಾಸ್ ಸಿಟಿಯಿಂದ ಓಡಿಹೋದ ಕ್ಲೈಡನು ಹೆಸರು ಮರೆಸಿಕೊಂಡು ತಿರುಗುತ್ತ, ಬಹುಕಾಲ ಕಳೆದ ಮೇಲೆ ತಾಯಿಗೆ ಕಾಗದ ಬರೆಯುತ್ತಾನೆ. ಮುಳುಗಿ ಸತ್ತ ರಾಬರ್ಟಾ ಬಿಟ್ಟುಹೋದ ಸಾಮಾನುಗಳಲ್ಲಿ ದೊರೆಯುವುದು ಅವಳು ತನ್ನ ತಾಯಿಗೆ ಬರೆದ, ಅಂಚೆಗೆ ಹಾಕದ ಕಾಗದ. ಅಧಿಕಾರಿಗಳಿಗೆ ಮೊದಲ ಸುಳಿವು ಅದೇ. ಕಿಟಕಿಯ ಮೇಲಿನ ಸಣ್ಣ ಅಕ್ಷರದ ಪ್ರಶ್ನೆಗೆ ಕೃತಿಯು ಹೀಗೆ ಉತ್ತರ ಕೊಡುತ್ತದೆ. ಡ್ರೈಸರನಿಗೆ ರೂಪಪ್ರಜ್ಞೆಯಿಲ್ಲವೆನ್ನುವವರು ಇಂಥ ಎಳೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ. ಅವನ ವಾಕ್ಯರಚನೆ ಒರಟು. ಇದನ್ನು 1926ರಲ್ಲಿಯೇ ಮೆಂಕೆನ್ ಬರೆದನು, 1950ರಲ್ಲಿ ಪ್ರಕಟವಾದ ತನ್ನ ಪ್ರಬಂಧಸಂಪುಟದಲ್ಲಿ ಲಯೊನೆಲ್ ಟ್ರಿಲಿಂಗನು ಇನ್ನೂ ಕಠಿನವಾಗಿ ಹೇಳಿದನು. ವಾಕ್ಯದ ಮಟ್ಟದಲ್ಲಿ ಆ ಆಕ್ಷೇಪಣೆ ನಿಜ. ವಸ್ತುವಿನ ಹೆಣಿಗೆಯ ಮಟ್ಟದಲ್ಲಿ ನಿಲ್ಲುವುದಿಲ್ಲ.

ನ್ಯಾಯವಿಚಾರಣೆಯ ಭಾಗವು ಬೀದಿಯ ದೃಶ್ಯದ ವಿಸ್ತಾರವಾದ ಪ್ರತಿಬಿಂಬ. ಬೆಲ್ಕ್ನಾಪ್ ಮತ್ತು ಜೆಫ್ಸನ್ ಎಂಬ ವಕೀಲರು, ನಿಜವನ್ನು ಹೇಳಿದರೆ ಜ್ಯೂರಿ ನಂಬದೆಂದು ತಿಳಿದು, ದೋಣಿ ಹತ್ತುವ ಮೊದಲೇ ಅವನ ಮನಸ್ಸು ಬದಲಾಗಿತ್ತೆಂಬ ಕಥೆಯೊಂದನ್ನು ಹೊಸೆದು ಕ್ಲೈಡನಿಗೆ ಬಾಯಿಪಾಠ ಮಾಡಿಸುತ್ತಾರೆ. ಮನಸ್ಸಿನ ಪರಿವರ್ತನೆ! ತಂದೆತಾಯಿಗಳು ಮೂಲೆಯಲ್ಲಿ ನಿಂತು ಬೋಧಿಸಿದುದೂ ಅದನ್ನೇ. ಜನ ಕಿಕ್ಕಿರಿದ ಸ್ಥಳದಲ್ಲಿ ಎತ್ತರದ ಪೀಠದ ಮೇಲೆ ಕುಳಿತು, ಇತರರು ಕಲಿಸಿದ ಮಾತನ್ನು ತನ್ನದೆಂಬಂತೆ ಹೇಳುತ್ತ, ಸುತ್ತಲಿನ ಮುಖಗಳಲ್ಲಿ ತಿರಸ್ಕಾರವನ್ನು ಓದುತ್ತಿರುವ ಈ ಯುವಕನು ಆ ಹುಡುಗನೇ ಅಲ್ಲವೆ? ಇಲ್ಲಿ ಭಯಾನಕವೂ ಕರುಣವೂ ಬೆರೆತಿವೆ. ಸ್ವತಃ ಅಪರಾಧ ನಡೆದ ಅಧ್ಯಾಯದಲ್ಲಿಯೂ ಇಷ್ಟು ಸಾಂದ್ರವಾಗಿ ಬೆರೆತಿಲ್ಲ.

ಆದರೆ ಕೃತಿಯ ಅತ್ಯಂತ ಸತ್ತ್ವಶಾಲಿಯಾದ ಭಾಗವು ಶಿಕ್ಷೆಯ ತರುವಾಯ ಬರುತ್ತದೆ, ಮತ್ತು ಅದು ತಾಯಿಗೆ ಸಂಬಂಧಿಸಿದುದು. ಡೆನ್ವರಿನಿಂದ ನ್ಯೂಯಾರ್ಕ್ ಸಂಸ್ಥಾನಕ್ಕೆ ಬರಲು ಆಕೆಯಲ್ಲಿ ಹಣವಿಲ್ಲ. ಪತ್ರಿಕೆಯೊಂದನ್ನು ಕಂಡು, ಮಗನ ಶಿಕ್ಷೆಯ ವರದಿಯನ್ನು ತಾನೇ ಬರೆದು ಕಳುಹಿಸುವೆನೆಂದು ಒಪ್ಪಿ, ಆ ಸಂಬಳದಿಂದ ಪ್ರಯಾಣ ಮಾಡುತ್ತಾಳೆ. (ಜಿಲೆಟನ ತಾಯಿಯೂ ಹೀಗೆಯೇ ಮಾಡಿದ್ದಳು, ಡ್ರೈಸರನ ಕಲ್ಪನೆಯಲ್ಲ.) ಮೇಲ್ಮನವಿಯ ಖರ್ಚಿಗಾಗಿ ದೇವಾಲಯಗಳಲ್ಲಿ ಉಪನ್ಯಾಸ ಮಾಡಬಯಸುತ್ತಾಳೆ. ಸಭಾಪಾಲಕರು ಒಪ್ಪುವುದಿಲ್ಲ: ಆಕೆ ದೀಕ್ಷೆ ಪಡೆದವಳಲ್ಲ, ಯಾವ ಸಭೆಗೂ ಸೇರಿದವಳಲ್ಲ. ಜೀವಮಾನವೆಲ್ಲ ಬೀದಿಯಲ್ಲಿ ಆ ಧರ್ಮವನ್ನೇ ಸಾರಿದವಳಿಗೆ ಅದರ ಒಂದು ವೇದಿಕೆಯೂ ಸಿಗದು. ಕೊನೆಗೆ ಯೂಟಿಕಾ ಪಟ್ಟಣದಲ್ಲಿ ಚಲನಚಿತ್ರ ಮಂದಿರದ ಒಡೆಯನಾದ ಒಬ್ಬ ಯೆಹೂದ್ಯನು ತನ್ನ ರಂಗಮಂದಿರವನ್ನು ಕೊಡುತ್ತಾನೆ. ಸಿನಿಮಾ ಮಂದಿರವೆಂದರೆ ಪಾಪದ ತಾಣವೆಂದು ನಂಬಿದವಳು ಒಂದು ಕ್ಷಣ ಹಿಂಜರಿದು, ವೇದಿಕೆಯನ್ನು ಏರುತ್ತಾಳೆ. ಆರ್ಗನ್ನಿಲ್ಲ, ಗಂಡನಿಲ್ಲ, ಹಿಂದೆ ನಿಲ್ಲುವ ಮಕ್ಕಳಿಲ್ಲ. ಇಷ್ಟು ದಿನ ಆಕೆ ಎಲ್ಲರ ಪಾಪಕ್ಕೂ ಕ್ಷಮೆಯುಂಟೆಂದು ಹೇಳಿದವಳು. ಈಗ ಒಬ್ಬನ ಪಾಪವನ್ನು ಕುರಿತು ಹೇಳಬೇಕಾಗಿದೆ, ಆ ಒಬ್ಬನು ನಿರಪರಾಧಿಯೋ ಅಲ್ಲವೋ ಎಂಬುದು ಆಕೆಗೇ ನಿಶ್ಚಯವಾಗಿ ತಿಳಿಯದು. ಪಾತ್ರಪರಿಪೋಷಣೆಯಲ್ಲಿ ಡ್ರೈಸರನು ಇದಕ್ಕಿಂತ ಮೇಲೆ ಏರಿದ ಸ್ಥಳ ಈ ಕೃತಿಯಲ್ಲಿಲ್ಲ.

1927ರಲ್ಲಿ ಪ್ರಕಟವಾದ ಸಿಂಕ್ಲೇರ್ ಲೂಯಿಸನ ‘ಎಲ್ಮರ್ ಗ್ಯಾಂಟ್ರಿ’ಯೊಡನೆ ಹೋಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಲೂಯಿಸನ ಬೋಧಕನು ಢೋಂಗಿ. ಅವನನ್ನು ಬಯಲಿಗೆಳೆದಾಗ ಓದುಗನಿಗೆ ಸುಖವಾಗುತ್ತದೆ, ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ. ಡ್ರೈಸರನು ಆರಿಸಿಕೊಂಡುದು ಕಷ್ಟದ ಹಾದಿ. ಅವನಿಗೆ ಎಲ್ವೈರಾಳ ದೇವರಲ್ಲಿ ನಂಬಿಕೆಯಿಲ್ಲ, ಆಕೆಯ ಪ್ರಾಮಾಣಿಕತೆಯಲ್ಲಿ ಸಂದೇಹವೂ ಇಲ್ಲ. ಪ್ರಾಮಾಣಿಕವಾದ ಭಕ್ತಿಯೇ ಮಕ್ಕಳ ಮೇಲೆ ಹೇರಿದ ಹೊರೆಯಾದರೆ ಯಾರನ್ನು ದೂರುವುದು? ಏಸಾನ ವಿಷಯದಲ್ಲಿ ಮಾತ್ರ ಅವನು ಈ ನ್ಯಾಯವನ್ನು ಪಾಲಿಸಲಿಲ್ಲ. ತಂದೆಯನ್ನು ಕೆಲವು ಶಾರೀರಕ ಕಾರಣಗಳ ಫಲವೆಂಬಂತೆ ವಿವರಿಸಿ, ಒಂದು ಮಾದರಿಯನ್ನಾಗಿ ಮಾಡಿ ಕೈತೊಳೆದುಕೊಂಡಿದ್ದಾನೆ. ಜೂಲಿಯಾ ಮತ್ತು ಫ್ರ್ಯಾಂಕರಂತೂ ಹೆಸರುಗಳಾಗಿಯೇ ಉಳಿದಿದ್ದಾರೆ. ಅದೇ ಬೀದಿಯಲ್ಲಿ ಬೆಳೆದ ಅವರು ಏನಾದರೆಂಬುದು ತಿಳಿದಿದ್ದರೆ ಕ್ಲೈಡನನ್ನು ಕುರಿತ ನಮ್ಮ ತೀರ್ಪು ಇನ್ನಷ್ಟು ಖಚಿತವಾಗುತ್ತಿತ್ತು.

ಈ ಬೀದಿಯನ್ನು ತೆಗೆದುಹಾಕಿದರೆ ಏನು ಉಳಿಯುತ್ತದೆಂಬುದಕ್ಕೆ ಚಲನಚಿತ್ರಗಳೇ ನಿದರ್ಶನ. ಸ್ಟರ್ನ್‌ಬರ್ಗನ 1931ರ ಚಿತ್ರದಲ್ಲಿ ಸಾಮಾಜಿಕ ಹಿನ್ನೆಲೆಯನ್ನು ಕೈಬಿಟ್ಟರೆಂದು ಡ್ರೈಸರನು ಪ್ಯಾರಾಮೌಂಟ್ ಕಂಪನಿಯ ಮೇಲೆ ದಾವೆ ಹೂಡಿ ಸೋತನು. ಜಾರ್ಜ್ ಸ್ಟೀವನ್ಸನ 1951ರ ‘ಎ ಪ್ಲೇಸ್ ಇನ್ ದಿ ಸನ್’ ಕಲಾದೃಷ್ಟಿಯಿಂದ ಎಷ್ಟೋ ಮೇಲು. ಆದರೆ ಅಲ್ಲಿ ನಾಯಕನು ಹೆದ್ದಾರಿಯ ಪಕ್ಕದಲ್ಲಿ ಒಂಟಿಯಾಗಿ ನಿಂತು ಬಂದ ವಾಹನಗಳಿಗೆ ಕೈಯೊಡ್ಡುತ್ತಾನೆ. ಆರು ಜನರ ಗುಂಪಿನ ಬದಲು ಒಬ್ಬ ತರುಣ. ಬಾಲ್ಯದ ಬೀದಿಯ ಬದಲು ಪ್ರೇಮಕಥೆಯ ಹೆದ್ದಾರಿ.

ಮರಣಕ್ಕೆ ಮುನ್ನ ಕ್ಲೈಡನು ಮ್ಯಾಕ್‌ಮಿಲನ್ ಎಂಬ ಬೋಧಕನ ನೆರವಿನಿಂದ, ತರುಣರು ದೇವರಲ್ಲಿ ಶರಣಾಗಬೇಕೆಂಬ ಹೇಳಿಕೆಯೊಂದಕ್ಕೆ ಸಹಿ ಹಾಕುತ್ತಾನೆ. ಬೀದಿ, ನ್ಯಾಯಪೀಠ, ಸೆರೆಮನೆ, ಈ ಮೂರು ಕಡೆಗಳಲ್ಲಿಯೂ ಸಾಕ್ಷಿ ಅವನದು, ಮಾತು ಇತರರದು. ಹೇಳಿಕೆಯನ್ನು ಅವನು ನಂಬಿದನೆ? ಡ್ರೈಸರನು ಸಂದೇಹವನ್ನು ಉಳಿಸಿದ್ದಾನೆ. ಓದುಗನು ಅದನ್ನು ಬಲವಂತವಾಗಿ ಬಗೆಹರಿಸಬಾರದು.

ಉಪಸಂಹಾರದ ದೃಶ್ಯ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಬೇಸಗೆಯ ಸಂಜೆ, ಎತ್ತರದ ಗೋಡೆಗಳು, ಆರ್ಗನ್, ಕೀರ್ತನೆ. ದಾರಿಹೋಕರ ಟೀಕೆಯೂ ಬಹುಮಟ್ಟಿಗೆ ಹಳೆಯದೇ. ಕ್ಲೈಡನ ಸ್ಥಳದಲ್ಲಿ ಈಗ ಎಸ್ಟಾಳ ಮಗ ರಸೆಲ್ ಇದ್ದಾನೆ. ಇದನ್ನು ಚಕ್ರದ ಆವರ್ತನೆಯೆಂದು, ಏನೂ ಬದಲಾಗಿಲ್ಲವೆಂಬುದರ ಸೂಚನೆಯೆಂದು ಅರ್ಥಮಾಡುವುದು ರೂಢಿ. ಆದರೆ ಸಭೆ ಮುಗಿದು ಮರಳುವಾಗ ಹುಡುಗನು ಅಜ್ಜಿಯನ್ನು ಐಸ್‌ಕ್ರೀಮಿಗೆಂದು ಕಾಸು ಕೇಳುತ್ತಾನೆ; ಆಕೆ, ಸತ್ತ ಮಗನನ್ನು ನೆನೆದು, ಇವನನ್ನು ಅಷ್ಟು ಬಿಗಿಯಾಗಿ ಹಿಡಿಯಬಾರದೆಂದು ಮನಸ್ಸಿನಲ್ಲಿಯೇ ಅಂದುಕೊಂಡು ಕೊಡುತ್ತಾಳೆ. ತಾನು ತಪ್ಪಿರಬಹುದೆಂಬ ಅನುಮಾನ ಆಕೆಗೆ ಮೊದಲ ಬಾರಿಗೆ ಮೂಡಿರುವುದು ಇಲ್ಲಿ. ಅದು ಬೀದಿಯಲ್ಲಿ ನಿಂತು ಸಾರುವ ಮಾತಲ್ಲ, ಮಗುವಿನ ಅಂಗೈಯಲ್ಲಿ ಇಟ್ಟ ನಾಣ್ಯ. ಕೊನೆಯ ವಾಕ್ಯದಲ್ಲಿ ಗುಂಪು ಮಂದಿರದ ಬಾಗಿಲನ್ನು ಹೊಕ್ಕು ಕಣ್ಮರೆಯಾಗುವಾಗ ರಸೆಲನು ಅದರಲ್ಲಿ ಇಲ್ಲವೆಂಬುದನ್ನು ಡ್ರೈಸರನು ಬಾಯಿಬಿಟ್ಟು ಹೇಳಿದ್ದಾನೆ. ಅವನು ಅಂಗಡಿಯ ಕಡೆಗೆ ಓಡಿದ್ದಾನೆ.